ವುಡ್‌ಸ್ಟಾಕಿನ ಹಕ್ಕುದಾರರು ಯಾರು?

ದೊಡ್ಡ ಮನೆತನದ ಯಜಮಾನನೊಬ್ಬನು ತೀರಿಕೊಂಡಾಗ ಸೊತ್ತಿನ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದವರು ನಡುಮನೆಯಲ್ಲಿ ಕುಳಿತು ಮಾತನಾಡುತ್ತಾರೆ. ರೋಗಶಯ್ಯೆಯ ಬಳಿ ರಾತ್ರಿಯೆಲ್ಲ ಎಚ್ಚರವಿದ್ದು ಬಾಯಿಗೆ ನೀರು ಬಿಟ್ಟವರು ಜಗಲಿಯ ಮೂಲೆಯಲ್ಲಿ ನಿಂತು ಕೇಳುತ್ತಾರೆ. ಲೋಕದಲ್ಲಿ ಉತ್ತರಾಧಿಕಾರವೆಂಬುದು ಬಹುಮಟ್ಟಿಗೆ ಹೀಗೆಯೇ ನಿರ್ಣಯವಾಗುವುದು. ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೯೬೯ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದ ಉತ್ತರಾಧಿಕಾರವೂ ಈ ನಿಯಮಕ್ಕೆ ಹೊರತಾಗಲಿಲ್ಲ. ಆ ಉತ್ಸವದ ಹೆಸರು ಒಬ್ಬರ ಪಾಲಾಯಿತು. ಅದರ ಪುಣ್ಯ ಮಾತ್ರ ಬೇರೆಯವರದು. ಹೆಸರು ಪಡೆದವರೇ ಪುಣ್ಯಕ್ಕೂ ಹಕ್ಕುದಾರರೆಂದು ಸಾಧಿಸಹೊರಟಿರುವುದರಿಂದ ಈ ವಿಚಾರವನ್ನು ಒಮ್ಮೆ ತೂಗಿ ನೋಡುವುದು ಅವಶ್ಯವಾಗಿದೆ.

ಆ ಉತ್ಸವದ ವಿಷಯದಲ್ಲಿ ಎರಡು ಪಕ್ಷಗಳುಂಟು. ಸ್ತುತಿಪಕ್ಷದವರು ಹೇಳುವುದೇನೆಂದರೆ: ಅಲ್ಲಿ ಹೊಸ ಯುಗವೊಂದು ಹುಟ್ಟಿತು, ತರುಣಜನಾಂಗವು ಹಣದ ಬೇಲಿಯನ್ನು ಕಿತ್ತೆಸೆಯಿತು, ಯುದ್ಧದ ವಿರುದ್ಧ ಶಾಂತಿಯು ಜಯಿಸಿತು, ಸಂಗೀತವು ನಾಲ್ಕು ಲಕ್ಷ ಜನರನ್ನು ಒಂದು ಕುಟುಂಬವಾಗಿ ಮಾಡಿತು. ನಿಂದಾಪಕ್ಷದವರು ಹೇಳುವುದೇನೆಂದರೆ: ಅಲ್ಲಿದ್ದುದು ಕೆಸರು, ಮಾದಕದ್ರವ್ಯ, ನಿರ್ಲಜ್ಜತೆ, ಸಂಗೀತವೆಂಬುದು ನೆಪಮಾತ್ರ. ಅರ್ಧಶತಮಾನಕ್ಕೂ ಮೇಲ್ಪಟ್ಟು ನಡೆದುಬಂದಿರುವ ಈ ವಾಗ್ವಾದದಲ್ಲಿ ಇಬ್ಬರೂ ಒಂದೊಂದು ಭಾಗದ ನಿಜವನ್ನು ಹಿಡಿದುಕೊಂಡು ಮುಖ್ಯವಾದ ನಿಜವನ್ನು ಕೈಬಿಟ್ಟಿದ್ದಾರೆ.

ಮೊದಲು ನಡೆದ ಸಂಗತಿಯನ್ನು ನೋಡಬೇಕು. ವುಡ್‌ಸ್ಟಾಕ್ ಉತ್ಸವವು ವುಡ್‌ಸ್ಟಾಕಿನಲ್ಲಿ ನಡೆಯಲಿಲ್ಲ. ಮೈಕೇಲ್ ಲ್ಯಾಂಗ್, ಆರ್ಟಿ ಕಾರ್ನ್‌ಫೆಲ್ಡ್, ಜಾನ್ ರಾಬರ್ಟ್ಸ್, ಜೋಯೆಲ್ ರೋಸೆನ್‌ಮನ್ ಎಂಬ ನಾಲ್ವರು ತರುಣರು ಕಂಪನಿಯೊಂದನ್ನು ಕಟ್ಟಿದರು. ವುಡ್‌ಸ್ಟಾಕ್ ಎಂಬ ಊರಿನಲ್ಲಿ ಧ್ವನಿಮುದ್ರಣಾಲಯವೊಂದನ್ನು ಸ್ಥಾಪಿಸಬೇಕೆಂಬುದು ಅವರ ಮೊದಲಿನ ಆಲೋಚನೆ. ಆ ಆಲೋಚನೆಯಿಂದಲೇ ಉತ್ಸವದ ಸಂಕಲ್ಪವೂ ಮೊಳೆಯಿತು. ವಾಲ್‌ಕಿಲ್ ಎಂಬ ಊರಿನವರು ಜುಲೈ ತಿಂಗಳಲ್ಲಿ, ಉತ್ಸವಕ್ಕೆ ಒಂದೇ ತಿಂಗಳಿರುವಾಗ, ಅನುಮತಿ ಕೊಡುವುದಿಲ್ಲವೆಂದು ಬಾಗಿಲು ಮುಚ್ಚಿದರು. ಆಗ ಬೆತೆಲ್ ಎಂಬ ಹಳ್ಳಿಯಲ್ಲಿ ೬೦೦ ಎಕರೆ ನೆಲದ ಹೈನುಗಾರನಾದ ಮ್ಯಾಕ್ಸ್ ಯಾಸ್ಗರ್ ತನ್ನ ಹೊಲವನ್ನು ಬಾಡಿಗೆಗೆ ಕೊಟ್ಟನು. ಈ ಹೊಲಕ್ಕೂ ವುಡ್‌ಸ್ಟಾಕ್ ಊರಿಗೂ ೪೦ ಮೈಲಿಗೂ ಹೆಚ್ಚು ದೂರ. ಹೀಗೆ ಹೆಸರು ಒಂದು ಕಡೆ, ಮಣ್ಣು ಇನ್ನೊಂದು ಕಡೆ ಎಂಬ ಬೇರ್ಪಾಡು ಮೊದಲ ದಿನದಿಂದಲೇ ಆರಂಭವಾಯಿತು.

ಮೂರು ದಿನಗಳ ಟಿಕೀಟಿಗೆ ಮುಂಗಡವಾಗಿ ೧೮ ಡಾಲರುಗಳೆಂದೂ, ದ್ವಾರದಲ್ಲಿ ೨೪ ಡಾಲರುಗಳೆಂದೂ ಗೊತ್ತುಮಾಡಿದ್ದರು. ಸುಮಾರು ೧,೮೬,೦೦೦ ಟಿಕೀಟುಗಳು ಮುಂಗಡವಾಗಿಯೇ ಮಾರಾಟವಾದುವು. ಸ್ಥಳ ಬದಲಾದ ಕಾರಣ ವೇದಿಕೆಯನ್ನು ಕಟ್ಟುವುದೋ ಬೇಲಿಯನ್ನು ಹಾಕುವುದೋ ಎಂಬ ಪ್ರಶ್ನೆ ಬಂದು, ಎರಡನ್ನೂ ಪೂರೈಸುವಷ್ಟು ಕಾಲವಿಲ್ಲದೆ, ವೇದಿಕೆ ಎದ್ದಿತು, ಬೇಲಿ ನಿಂತುಹೋಯಿತು. ಜನರು ಬೇಲಿಯ ಕೆಲಸ ಮುಗಿಯುವ ಮೊದಲೇ ಬಂದು ಕುಳಿತಿದ್ದರು. ಅವರನ್ನು ಎಬ್ಬಿಸುವ ಶಕ್ತಿ ಯಾರಿಗೂ ಇರಲಿಲ್ಲ. ಆದ್ದರಿಂದ ಪ್ರವೇಶವು ಉಚಿತವೆಂದು ಸಾರಬೇಕಾಯಿತು.

ಇದೇ ಸ್ತುತಿಪಕ್ಷದವರು ಕೊಂಡಾಡುವ ‘ಹಣದ ಬೇಲಿಯನ್ನು ಕಿತ್ತೆಸೆದ’ ಕಥೆ. ನಿಜವಾಗಿ ಅದು ತತ್ತ್ವದಿಂದ ಹುಟ್ಟಿದ ತ್ಯಾಗವಲ್ಲ. ಅವಸರದಿಂದ ಹುಟ್ಟಿದ ಅನಿವಾರ್ಯ. ಉಚಿತವೆಂದು ಸಾರಿದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲ. ಹತ್ತು ಲಕ್ಷ ಡಾಲರಿಗೂ ಮೇಲ್ಪಟ್ಟ ಸಾಲವು ಆ ಕಂಪನಿಯವರ ತಲೆಯ ಮೇಲೆ ಬಿದ್ದಿತು. ಅದನ್ನು ತೀರಿಸಲು ಅನೇಕ ವರ್ಷಗಳು ಹಿಡಿದುವು. ಹದಿನೆಂಟು ಡಾಲರು ಕೊಟ್ಟು ಟಿಕೀಟು ಕೊಂಡವರೂ, ಸಾಲ ಹೊತ್ತವರೂ ಇದ್ದುದರಿಂದಲೇ ಉಳಿದವರಿಗೆ ಅದು ಉಚಿತವಾಯಿತು. ಪರರ ಗಂಟಿನಲ್ಲಿ ನಡೆದ ಔದಾರ್ಯವನ್ನು ಯುಗಧರ್ಮವೆಂದು ಕರೆಯುವುದು ಲೆಕ್ಕ ಬಾರದವರ ಮಾತು.

ಇನ್ನು ಶಾಂತಿಯು ಯುದ್ಧವನ್ನು ಜಯಿಸಿತೆಂಬ ವಾದ. ವಿಯೆಟ್ನಾಮಿನ ಯುದ್ಧವು ೧೯೬೯ರಲ್ಲಿ ನಿಲ್ಲಲಿಲ್ಲ. ಅಮೆರಿಕನ್ನರು ಒಪ್ಪಂದಕ್ಕೆ ಸಹಿಮಾಡಿದುದು ೧೯೭೩ರಲ್ಲಿ. ಸೈಗಾನು ಬಿದ್ದುದು ೧೯೭೫ರಲ್ಲಿ. ಉತ್ಸವ ಮುಗಿದು ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ ೬ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟಿನಲ್ಲಿ ಅದೇ ಬಗೆಯ ಬಯಲುಕಚೇರಿಯಲ್ಲಿ ವೇದಿಕೆಯ ಮುಂದೆಯೇ ಒಬ್ಬ ತರುಣನು ಇರಿತಕ್ಕೆ ಗುರಿಯಾಗಿ ಸತ್ತನು. ಬಯಲಿನಲ್ಲಿ ಹಾಡಿದಮಾತ್ರಕ್ಕೆ ಮನುಷ್ಯನ ಕ್ರೋಧವು ಇಳಿಯುವುದಾದರೆ ಆಲ್ಟಮಾಂಟಿನಲ್ಲಿಯೂ ಇಳಿಯಬೇಕಾಗಿತ್ತು. ಇನ್ನೊಂದು ವಿಪರ್ಯಾಸವನ್ನು ಗಮನಿಸಬೇಕು: ಬೆತೆಲಿನ ರಸ್ತೆಗಳೆಲ್ಲ ಮೋಟಾರುಗಳಿಂದ ಕಟ್ಟಿಹೋಗಿ, ರೋಗಿಗಳನ್ನು ಸಾಗಿಸುವುದಕ್ಕೆ ದಾರಿಯಿಲ್ಲದೆ ಹೋದಾಗ, ನೆರವಿಗೆ ಬಂದ ಹೆಲಿಕಾಪ್ಟರುಗಳಲ್ಲಿ ಅಮೆರಿಕಾ ಸೇನೆಯವೂ ಇದ್ದುವು. ಯಾವ ಸೇನೆಯ ಯುದ್ಧವನ್ನು ಆ ತರುಣರು ಧಿಕ್ಕರಿಸಿದರೋ ಅದೇ ಸೇನೆಯ ಹೆಲಿಕಾಪ್ಟರುಗಳನ್ನು ಕಂಡು ಅಂದು ಹರ್ಷಧ್ವನಿ ಮಾಡಿದರು. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಜಯಘೋಷ ಮಾಡುವವರು ಅದನ್ನು ಮರೆಮಾಡಬಾರದು.

ಹಾಗಾದರೆ ಅಲ್ಲಿ ಕಲೆಯೇ ಇರಲಿಲ್ಲವೆ? ಇದ್ದಿತು. ಜಿಮಿ ಹೆಂಡ್ರಿಕ್ಸನು ತನ್ನ ವಿದ್ಯುತ್ ಗಿಟಾರಿನಲ್ಲಿ ಅಮೆರಿಕಾದ ರಾಷ್ಟ್ರಗೀತೆಯನ್ನು ನುಡಿಸಿದನು. ಒಮ್ಮೆ ಅದೇ ದೇಶದ ಸೇನೆಯಲ್ಲಿ ಸೇವೆಮಾಡಿದ್ದ ಆತನು ರಾಷ್ಟ್ರಗೀತೆಯ ಸ್ವರಗಳ ನಡುವೆ ಬಾಂಬುಗಳ ಸಿಡಿತವನ್ನೂ ಆರ್ತನಾದವನ್ನೂ ಕೇಳಿಸಿದನು. ಗೌರವವೂ ವ್ಯಥೆಯೂ ಒಂದೇ ತಂತಿಯಲ್ಲಿ ಮಿಡಿದ ಆ ವಾದನವು ನಿಸ್ಸಂದೇಹವಾಗಿ ಆ ಶತಮಾನದ ಸ್ಮರಣೀಯವಾದ ಕಲಾಕೃತಿಗಳಲ್ಲೊಂದು. ಆದರೆ ಅದನ್ನು ಯಾರು ಕೇಳಿದರು? ಆತನು ವೇದಿಕೆಗೆ ಬಂದುದು ಆಗಸ್ಟ್ ೧೮ರ ಸೋಮವಾರದ ಬೆಳಗ್ಗೆ, ಸುಮಾರು ೯ ಗಂಟೆಗೆ. ನಾಲ್ಕು ಲಕ್ಷ ಜನರಲ್ಲಿ ಬಹುಪಾಲು ಜನರು ಆಗಲೇ ಊರಿನ ದಾರಿ ಹಿಡಿದಿದ್ದರು. ಆ ಮಹಾಸಮುದ್ರದ ಕೊನೆಯ ಕೊಲ್ಲಿಯೊಂದು ಮಾತ್ರ ಮಿಕ್ಕಿತ್ತು. ‘ನಾಲ್ಕು ಲಕ್ಷ ಜನರ ಹೃದಯವನ್ನು ಕಲಕಿದ ನಾದ’ ಎಂದು ಬರೆಯುವವರು ಕ್ಯಾಮರಾ ನೋಡಿದುದನ್ನು ಜನರು ನೋಡಿದರೆಂದು ಭ್ರಮಿಸಿದ್ದಾರೆ.

ಈ ಭ್ರಮೆಯ ಮೂಲವು ಮೈಕೇಲ್ ವಾಡ್ಲಿಯು ನಿರ್ದೇಶಿಸಿದ ೧೯೭೦ರ ಚಲಚ್ಚಿತ್ರ. ಅದು ಅಕಾಡೆಮಿ ಪಾರಿತೋಷಕವನ್ನು ಪಡೆದ ಶ್ರೇಷ್ಠ ಸಾಕ್ಷ್ಯಚಿತ್ರವೆಂಬುದರಲ್ಲಿ ವಿವಾದವಿಲ್ಲ. ಆದರೆ ಸಾಕ್ಷಿಯು ಎಷ್ಟೇ ಪ್ರಾಮಾಣಿಕನಾದರೂ ತಾನು ಕಂಡುದರಲ್ಲಿ ತನಗೆ ಬೇಕಾದುದನ್ನೇ ನುಡಿಯುವನು. ಆ ಚಿತ್ರದಲ್ಲಿ ಕಾಣಿಸದ ಗಾಯಕರೆಷ್ಟೋ ಮಂದಿ. ಆ ಉತ್ಸವದ ಹೆಸರನ್ನೇ ಹೊತ್ತ ಪ್ರಸಿದ್ಧ ಗೀತವನ್ನು ರಚಿಸಿದ ಜೋನಿ ಮಿಚೆಲ್ ಅಲ್ಲಿಗೆ ಹೋಗಿರಲೇ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ಉಳಿದು ಟೆಲಿವಿಷನ್ನಿನ ವಾರ್ತೆಗಳಿಂದಲೂ ಗೆಳೆಯರ ಬಾಯಿಂದಲೂ ಕೇಳಿ ಬರೆದರು. ಇದರಿಂದ ಗೀತಕ್ಕೆ ಕುಂದಿಲ್ಲ. ಆದರೆ ಲೋಕದ ಕೈಯಲ್ಲಿರುವ ವುಡ್‌ಸ್ಟಾಕ್ ಯಾವುದೆಂಬುದು ಇದರಿಂದ ತಿಳಿಯುತ್ತದೆ: ಅದು ಹೊಲದಲ್ಲಿ ನಡೆದುದಲ್ಲ, ಪರದೆಯ ಮೇಲೆಯೂ ತಟ್ಟೆಗಳ ಮೇಲೆಯೂ ತಯಾರಾದುದು.

ಭಾರತೀಯರಲ್ಲಿ ಕೆಲವರಿಗೆ ಈ ಉತ್ಸವದ ಬಗ್ಗೆ ವಿಶೇಷವಾದ ಅಭಿಮಾನವುಂಟು. ಕೊಯಮತ್ತೂರಿನ ಬಳಿ ಹುಟ್ಟಿದ ಸ್ವಾಮಿ ಸಚ್ಚಿದಾನಂದರು ಮೊದಲ ದಿನ ಆ ಜನಸ್ತೋಮವನ್ನು ಕುರಿತು ಆಶೀರ್ವಚನ ನೀಡಿದರು. ಅದೇ ರಾತ್ರಿ ಪಂಡಿತ ರವಿಶಂಕರರು ಅಲ್ಲಾ ರಖಾ ಅವರ ತಬಲದೊಡನೆ ಸಿತಾರ್ ನುಡಿಸಿದರು. ‘ನೋಡಿರಿ, ಪಾಶ್ಚಾತ್ಯರ ಮಹೋತ್ಸವದಲ್ಲಿ ಭಾರತೀಯ ಸಂಗೀತವು ದಿಗ್ವಿಜಯ ಮಾಡಿತು’ ಎಂದು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವುದುಂಟು. ದಿಗ್ವಿಜಯ ಮಾಡಿದವರೆಂದು ಹೇಳಲ್ಪಡುವ ಪಂಡಿತರ ಅಭಿಪ್ರಾಯವನ್ನು ಮಾತ್ರ ಈ ಅಭಿಮಾನಿಗಳು ಕೇಳುವುದಿಲ್ಲ.

ಪಂಡಿತರು ನುಡಿಸಿದುದು ಮಳೆಯಲ್ಲಿ; ಅದು ಒಂದು ಗಂಟೆಯೂ ತುಂಬದ ಕಚೇರಿ. ಆಲಾಪವು ಮೆಲ್ಲನೆ ಅರಳಬೇಕಾದರೆ ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೆಸರಿನಲ್ಲಿ ಹೊರಳುತ್ತಿದ್ದ ಆ ಜನರನ್ನು ಕಂಡಾಗ ತಮಗೆ ಊರಿನ ಎಮ್ಮೆಗಳ ನೆನಪಾಯಿತೆಂದು ಅವರು ಮುಂದೆ ಹೇಳಿದ್ದಾರೆ. ಮಾದಕದ್ರವ್ಯದ ಅಮಲಿಗೆ ಭಾರತೀಯ ಸಂಗೀತವನ್ನು ಮೇಲೋಗರವಾಗಿ ಬಳಸಿಕೊಳ್ಳುವುದು ಅವರಿಗೆ ಸಹಿಸಲಾಗದ ನೋವಾಗಿತ್ತು. ಎರಡು ವರ್ಷಗಳ ಹಿಂದೆ, ೧೯೬೭ರ ಜೂನಿನಲ್ಲಿ, ಮಾಂಟೆರೆಯ ಉತ್ಸವದಲ್ಲಿ ಅವರಿಗೆಂದೇ ಒಂದು ಮಧ್ಯಾಹ್ನವನ್ನು ಮೀಸಲಿಟ್ಟಿದ್ದರು. ಅಲ್ಲಿ ಜನರು ಕುಳಿತು ಕೇಳಿದ್ದರು. ಬೆತೆಲಿನಲ್ಲಿ ಕೇಳುವಿಕೆಯೇ ಅಸಾಧ್ಯವಾಗಿತ್ತು. ಮತ್ತೆ ೧೯೭೧ರ ಆಗಸ್ಟ್ ೧ರಂದು, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆದ ಕಚೇರಿಯಲ್ಲಿ, ವಾದ್ಯಗಳನ್ನು ಶ್ರುತಿಮಾಡಿ ಮುಗಿಸಿದೊಡನೆ ಸಭೆಯು ಚಪ್ಪಾಳೆ ತಟ್ಟಿತು. ಶ್ರುತಿಮಾಡುವುದೇ ಇಷ್ಟು ಮೆಚ್ಚಿಗೆಯಾದರೆ ನುಡಿಸುವುದು ಇನ್ನೂ ಹೆಚ್ಚು ಮೆಚ್ಚಿಗೆಯಾದೀತೆಂದು ಪಂಡಿತರು ವಿನಯದಿಂದ ನುಡಿದರು. ಆ ವಿನಯದೊಳಗಿನ ವಿಷಾದವನ್ನು ಗ್ರಹಿಸದೆ ದಿಗ್ವಿಜಯದ ತುತ್ತೂರಿಯನ್ನು ಊದುವುದು ಆ ಕಲಾವಿದರಿಗೆ ಮಾಡುವ ಗೌರವವಲ್ಲ. ನಾಲ್ಕು ಲಕ್ಷ ಕಿವಿಗಳ ಮೇಲೆ ಬಿದ್ದ ನಾದಕ್ಕಿಂತ ನಾಲ್ಕು ಜನರ ಮನಸ್ಸಿಗೆ ಇಳಿದ ನಾದವೇ ಸಂಗೀತವೆಂದು ನಮ್ಮ ಪರಂಪರೆಯು ತಿಳಿದಿದೆ. ೧೯೭೦ರ ಆ ಪ್ರಸಿದ್ಧ ಚಲಚ್ಚಿತ್ರದಲ್ಲಿ ರವಿಶಂಕರರ ವಾದನವು ಇಲ್ಲವೇ ಇಲ್ಲವೆಂಬುದನ್ನೂ ಅಭಿಮಾನಿಗಳು ಗಮನಿಸಬೇಕು.

ಇಷ್ಟನ್ನು ಕೇಳಿದ ನಿಂದಾಪಕ್ಷದವರು ಗೆದ್ದೆವೆಂದು ಹಿಗ್ಗಬಾರದು. ಅವರ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ. ಮಾದಕದ್ರವ್ಯವಿತ್ತು, ಅದರಿಂದ ಸಾವೂ ಆಯಿತು. ಹೊಲದಲ್ಲಿ ಮಲಗಿ ನಿದ್ರಿಸುತ್ತಿದ್ದ ೧೭ ವರ್ಷದ ಹುಡುಗನೊಬ್ಬನ ಮೇಲೆ ಟ್ರಾಕ್ಟರು ಹರಿಯಿತು. ದರವನ್ನು ಏರಿಸಿದ ಸಿಟ್ಟಿಗೆ ಕೆಲವು ತಿಂಡಿಯ ಅಂಗಡಿಗಳಿಗೆ ಬೆಂಕಿಯೂ ಬಿದ್ದಿತು. ಇದನ್ನೆಲ್ಲ ಒಪ್ಪಿಕೊಂಡ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ೫೦,೦೦೦ ಜನರು ಬರುವರೆಂದು ಊರಿನವರಿಗೆ ತಿಳಿಸಿದ್ದಲ್ಲಿಗೆ ನಾಲ್ಕು ಲಕ್ಷ ಜನರು ಬಂದರು. ಅನ್ನ ಸಾಲದು, ನೀರು ಸಾಲದು, ಶೌಚಕ್ಕೆ ಸ್ಥಳವಿಲ್ಲ, ಮಳೆ ಬೇರೆ. ಇಂಥ ಸ್ಥಿತಿಯಲ್ಲಿ ದೊಂಬಿಯೂ ಹತ್ಯೆಯೂ ಆಗದೆ ಮೂರು ದಿನ ಕಳೆದುದು ಹೇಗೆ? ‘ಸಂಗೀತದ ಮಹಿಮೆ’ ಎಂಬ ಉತ್ತರವನ್ನು ಆಲ್ಟಮಾಂಟು ಸುಳ್ಳುಮಾಡಿದೆ. ‘ಅಮಲಿನ ಜಡತೆ’ ಎಂಬ ಉತ್ತರವನ್ನೂ ಅದೇ ಆಲ್ಟಮಾಂಟು ಸುಳ್ಳುಮಾಡಿದೆ. ಅಲ್ಲಿಯೂ ಅಮಲಿಗೆ ಕೊರತೆಯಿರಲಿಲ್ಲ.

ಉತ್ತರವು ವೇದಿಕೆಯ ಮೇಲಿರಲಿಲ್ಲ. ಅಡುಗೆಯ ಒಲೆಯ ಬಳಿ ಇತ್ತು. ‘ಹಾಗ್ ಫಾರಂ’ ಎಂಬ ಹೆಸರಿನ ಒಂದು ಕೂಡುಕುಟುಂಬದವರು, ಹ್ಯೂ ರಾಮ್ನಿ ಎಂಬಾತನ ಮುಂದಾಳುತನದಲ್ಲಿ, ದೊಡ್ಡ ಪಾತ್ರೆಗಳಲ್ಲಿ ಧಾನ್ಯವನ್ನೂ ತರಕಾರಿಯನ್ನೂ ಬೇಯಿಸಿ ಕಂಡಕಂಡವರಿಗೆಲ್ಲ ಬಡಿಸಿದರು. ಅಮಲೇರಿ ಬುದ್ಧಿ ಕಲಕಿದವರನ್ನು ಡೇರೆಗಳಲ್ಲಿ ಮಲಗಿಸಿ ಕೈಹಿಡಿದು ಸಂತೈಸಿದರು. ಆ ಜಿಲ್ಲೆಯ ಗೃಹಿಣಿಯರು ರೊಟ್ಟಿಗಳನ್ನು ಕಟ್ಟಿ ಕಳುಹಿಸಿದರು. ರೈತರು ಬೇಯಿಸಿದ ಮೊಟ್ಟೆಗಳನ್ನು ಕೊಟ್ಟರು. ವೈದ್ಯರೂ ದಾದಿಯರೂ ಸ್ವಯಂಸೇವಕರಾಗಿ ಬಂದರು. ಇವರಲ್ಲಿ ಎಷ್ಟೋ ಜನರಿಗೆ ಆ ಕೂದಲು ಬಿಟ್ಟ ತರುಣರ ನಡತೆಯೂ ಹಿಡಿಸದು, ಸಂಗೀತವೂ ಹಿಡಿಸದು. ಆದರೂ ಮನೆಯ ಮುಂದೆ ಹಸಿದು ನಿಂತವನ ಮತವನ್ನು ವಿಚಾರಿಸಿ ಅನ್ನವಿಕ್ಕುವುದು ಅವರಿಗೆ ತಿಳಿಯದು.

ಯಾಸ್ಗರನನ್ನೇ ನೋಡಿರಿ. ಆತನಿಗೆ ಆಗ ೪೯ ವರ್ಷ, ರಿಪಬ್ಲಿಕನ್ ಪಕ್ಷದವನು, ಹಾಲು ಮಾರಿ ಬಾಳುವ ಗೃಹಸ್ಥ. ನೆರೆಯವರಲ್ಲಿ ಕೆಲವರು ಬಾಯಾರಿದ ಹುಡುಗರಿಗೆ ನೀರನ್ನು ಹಣಕ್ಕೆ ಮಾರುತ್ತಿರುವರೆಂದು ಕೇಳಿದಾಗ ಆತನು ಕೆರಳಿದನು. ನೀರು ಉಚಿತವೆಂದು ತನ್ನ ಕೊಟ್ಟಿಗೆಯ ಬಳಿ ಫಲಕ ಬರೆದು ಹಾಕಿಸಿ ಧಾರಾಳವಾಗಿ ಕೊಟ್ಟನು. ಇದಕ್ಕೆ ಸಿಕ್ಕಿದ ಪ್ರತಿಫಲವೇನು? ನೆರೆಯವರು ಆತನ ಮೇಲೆ ದಾವೆ ಹೂಡಿದರು. ೧೯೭೧ರಲ್ಲಿ ಆತನು ಹೊಲವನ್ನು ಮಾರಿದನು, ೧೯೭೩ರಲ್ಲಿ ತೀರಿಕೊಂಡನು. ಆ ಮೂರು ದಿನಗಳ ಧರ್ಮವೇನಾದರೂ ಇದ್ದರೆ ಅದು ಆ ನೀರಿನಲ್ಲಿಯೂ ಆ ಅನ್ನದಲ್ಲಿಯೂ ಇತ್ತು. ಬಯಲಿನಲ್ಲಿ ನೆರೆದ ಜನರೂ ಅದನ್ನು ಕಂಡು, ತಮ್ಮಲ್ಲಿದ್ದುದನ್ನು ಪಕ್ಕದವನೊಡನೆ ಹಂಚಿಕೊಂಡರು. ಶಾಂತಿಯೆಂಬುದು ಅಲ್ಲಿ ಘೋಷಣೆಯಿಂದ ಬರಲಿಲ್ಲ, ಹಂಚಿಕೆಯಿಂದ ಬಂದಿತು.

ಈ ಮಾತಿಗೆ ಪ್ರಮಾಣ ಬೇಕಾದವರು ಮೂವತ್ತು ವರ್ಷಗಳ ಮುಂದಿನ ಕಥೆಯನ್ನು ನೋಡಬಹುದು. ೧೯೯೯ರ ಜುಲೈ ತಿಂಗಳಲ್ಲಿ ಅದೇ ಹೆಸರು ಹೊತ್ತ ಉತ್ಸವವೊಂದು, ನ್ಯೂಯಾರ್ಕ್ ಸಂಸ್ಥಾನದ ರೋಮ್ ಎಂಬ ಊರಿನಲ್ಲಿ, ವಿಮಾನದಳದವರು ಬಿಟ್ಟುಹೋದ ನೆಲೆಯ ಮೇಲೆ ನಡೆಯಿತು. ಈ ಬಾರಿ ಬೇಲಿಯನ್ನು ಮರೆಯಲಿಲ್ಲ, ಭದ್ರವಾಗಿಯೇ ಕಟ್ಟಿದರು. ಸುಡುಬಿಸಿಲು, ಕಾಯ್ದ ಡಾಂಬರು ನೆಲ. ನೀರಿನ ಒಂದು ಶೀಶೆಗೆ ೪ ಡಾಲರು. ಸಂಗೀತಗಾರರಿಗೆ ಕೊರತೆಯಿರಲಿಲ್ಲ, ಶಾಂತಿಯ ಹೆಸರಿಗೂ ಕೊರತೆಯಿರಲಿಲ್ಲ. ಕೊನೆಯ ರಾತ್ರಿ ಶಾಂತಿಗಾಗಿ ಹಚ್ಚಬೇಕೆಂದು ಹಂಚಿದ ಮೇಣದಬತ್ತಿಗಳಿಂದಲೇ ಜನರು ಬೆಂಕಿ ಹೊತ್ತಿಸಿದರು, ಲೂಟಿಯಾಯಿತು, ಸ್ತ್ರೀಯರ ಮೇಲೆ ಅತ್ಯಾಚಾರಗಳಾದುವು, ಸಂಸ್ಥಾನದ ಪೋಲೀಸರು ಬರಬೇಕಾಯಿತು. ಹೆಸರು ಅದೇ, ಗಿಟಾರಿನ ಕೊರಳ ಮೇಲೆ ಕುಳಿತ ಹಕ್ಕಿಯ ಲಾಂಛನವೂ ಅದೇ. ಬೇರೆಯಾದುದು ನೀರಿನ ಬೆಲೆಯೊಂದೇ ಅಲ್ಲದಿರಬಹುದು. ಆದರೆ ನೀರಿಗೆ ಬೆಲೆ ಕಟ್ಟಿದವರ ಮನಸ್ಸಿನಿಂದಲೇ ಉಳಿದ ಕೇಡುಗಳೂ ಹೊರಟುವೆಂಬುದನ್ನು ಅಲ್ಲಗಳೆಯುವುದು ಕಷ್ಟ. ಐವತ್ತನೆಯ ವರ್ಷದಲ್ಲಿ, ೨೦೧೯ರಲ್ಲಿ, ಮತ್ತೊಮ್ಮೆ ಆ ಹೆಸರಿನ ಉತ್ಸವವನ್ನು ಮಾಡಹೊರಟು, ಹಣದ ಜಗಳಗಳಲ್ಲಿಯೂ ಸ್ಥಳದ ತೊಡಕುಗಳಲ್ಲಿಯೂ ಸಿಕ್ಕಿ, ಅದು ನಡೆಯದೆಯೇ ಮುಗಿಯಿತು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಚಲಚ್ಚಿತ್ರವೂ ವ್ಯಾಪಾರವೂ ಇಲ್ಲದಿದ್ದರೆ ಈ ಉತ್ಸವವನ್ನು ಇಂದು ಯಾರು ನೆನೆಯುತ್ತಿದ್ದರು ಎಂಬುದು ಮೊದಲನೆಯದು. ಇದು ಒಪ್ಪತಕ್ಕ ಮಾತು. ಹೆಂಡ್ರಿಕ್ಸನ ವಾದನವನ್ನು ಉಳಿಸಿಕೊಟ್ಟುದು ಆ ಚಿತ್ರವೇ. ಸಾಲವು ತೀರಲು ನೆರವಾದುದೂ ಅದೇ. ಆದರೆ ಕಥೆಯನ್ನು ಕಾಪಾಡಿದವನು ಕಥೆಯ ನಾಯಕನಾಗುವುದಿಲ್ಲ. ಗಡಿಗೆಯಿಲ್ಲದಿದ್ದರೆ ಹಾಲು ನಿಲ್ಲದೆಂಬುದು ನಿಜ. ಅಷ್ಟರಿಂದ ಗಡಿಗೆಯೇ ಹಾಲು ಕರೆಯಿತೆನ್ನಲಾದೀತೆ?

ಎರಡನೆಯ ಆಕ್ಷೇಪ: ಇಷ್ಟು ದೊಡ್ಡ ಸಾಂಸ್ಕೃತಿಕ ಘಟನೆಯನ್ನು ಅನ್ನನೀರಿನ ಮಟ್ಟಕ್ಕೆ ಇಳಿಸುವುದು ಕಲೆಗೆ ಅಪಚಾರವಲ್ಲವೆ? ಹೀಗೆ ಕೇಳುವವರು ಅನ್ನನೀರನ್ನು ಕೆಳಗಿನ ಮಟ್ಟವೆಂದು ಯಾರಿಂದ ಕಲಿತರೋ ತಿಳಿಯದು. ದೇವರ ಉತ್ಸವಕ್ಕೆ ಬಂದ ಯಾತ್ರಿಕನಿಗೆ ಅರವಟ್ಟಿಗೆಯನ್ನಿಟ್ಟು, ಛತ್ರವನ್ನು ಕಟ್ಟಿಸಿ, ಆ ಮೇಲೆ ಸಂಗೀತ ನೃತ್ಯಗಳ ಸೇವೆಯನ್ನು ಏರ್ಪಡಿಸಿದ ಹಿರಿಯರು ಕಲೆಗೆ ಅಪಚಾರ ಮಾಡಲಿಲ್ಲ. ಬಾಯಾರಿದವನ ಕಿವಿಗೆ ರಾಗವು ಏರುವುದಿಲ್ಲವೆಂಬುದನ್ನು ಅವರು ತಿಳಿದಿದ್ದರು. ನೆರೆದವರನ್ನು ಗಿರಾಕಿಗಳೆಂದು ಎಣಿಸಿದಲ್ಲಿ ಜನಸಂದಣಿಯಿರುತ್ತದೆ. ಅತಿಥಿಗಳೆಂದು ಎಣಿಸಿದಲ್ಲಿ ಸಭೆಯಾಗುತ್ತದೆ. ಕಲೆಯು ಸಭೆಯನ್ನು ಬೇಡುವುದಲ್ಲದೆ ಸಂದಣಿಯನ್ನು ಬೇಡುವುದಿಲ್ಲ.

ಇಂದು ಬೆತೆಲಿನ ಆ ಹೊಲವು ಅನಾಥವಾಗಿಲ್ಲ. ೨೦೦೬ರಲ್ಲಿ ಅಲ್ಲಿ ಕಲಾಕೇಂದ್ರವೊಂದು ತೆರೆಯಿತು, ೨೦೦೮ರಲ್ಲಿ ವಸ್ತುಸಂಗ್ರಹಾಲಯವಾಯಿತು, ೨೦೧೭ರಲ್ಲಿ ಆ ಸ್ಥಳವನ್ನು ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿದರು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಪಟ್ಟಿಯಲ್ಲಿ ಸೇರುವುದು ನೆಲ. ಸೇರದೆ ಉಳಿಯುವುದು ಆ ನೆಲದ ಮೇಲೆ ನಡೆದ ಉಪಚಾರ. ಯಾವ ದೇಶದಲ್ಲಿಯೇ ಆಗಲಿ, ಬಯಲಿನಲ್ಲಿ ಎತ್ತರವಾದ ವೇದಿಕೆಯನ್ನು ಕಟ್ಟಿ, ದೊಡ್ಡ ದೀಪಗಳನ್ನು ಹಾಕಿ, ‘ಇದು ನಮ್ಮ ವುಡ್‌ಸ್ಟಾಕ್’ ಎಂದು ಸಾರುವವರು ಇದ್ದಾರೆ. ಇನ್ನು ಮುಂದೆಯೂ ಇರುವರು. ಅವರು ಗಾಯಕರ ಪಟ್ಟಿಯನ್ನು ತೋರಿಸಬೇಕಾಗಿಲ್ಲ, ಬಂದ ಜನರ ಸಂಖ್ಯೆಯನ್ನೂ ಹೇಳಬೇಕಾಗಿಲ್ಲ. ಬಾಯಾರಿ ಬಂದವನಿಗೆ ನೀರನ್ನು ಹೇಗೆ ಕೊಟ್ಟಿರೆಂಬ ಒಂದು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು. ಹಣಕ್ಕೆ ಕೊಟ್ಟವರು ತಮ್ಮ ಉತ್ಸವಕ್ಕೆ ಬೇರೊಂದು ಹೆಸರನ್ನು ಹುಡುಕಿಕೊಳ್ಳಲಿ; ಈ ಹೆಸರಿನ ಸಾಲವನ್ನು ಒಬ್ಬ ಹಾಲಿನವನು ಅರ್ಧಶತಮಾನಕ್ಕೂ ಹಿಂದೆಯೇ ತೀರಿಸಿ ಹೋಗಿದ್ದಾನೆ.